ಗುಡ್ಡ ಕೂಗಿದ ನನ್ನ ಹೆಸರು

ನಾವು ಸಣ್ಣವರಿದ್ದ ಕಾಲಕ್ಕೆ ಬೇಸಿಗೆ ಎಂದರೆ ಬಿಸಿಲಲ್ಲ, ಬಿಡುಗಡೆ. ಪರೀಕ್ಷೆ ಮುಗಿದ ಮರುದಿನವೇ ಅಪ್ಪ ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ತಮ್ಮ ಬಟ್ಟೆ ಅಂಗಡಿಯಿಂದ ಎದ್ದು ಬಂದು ನನ್ನನ್ನು ಕಮಲಾಪುರದ ಬಸ್ಸಿಗೆ ಹತ್ತಿಸುತ್ತಿದ್ದರು. ಅಲ್ಲಿ ಚಿಕ್ಕವ್ವನ ಮನೆ. ಅಟ್ಟದ ಮೇಲೆ ಹಣ್ಣಾಗಲು ಇಟ್ಟ ಕೆಂಪು ಬಾಳೆಯ ಗೊನೆಗಳ ವಾಸನೆ ಬಾಗಿಲಲ್ಲೇ ಮೂಗಿಗೆ ಬಡಿಯುತ್ತಿತ್ತು.

ಊರಾಚೆ ಒಂದು ಗುಡ್ಡ. ಅದರ ಬುಡದಲ್ಲಿ ಬೇವಿನ ತೋಪು. ಬೇಸಿಗೆಯಲ್ಲಿ ಊರ ಹಿರಿಯರು ಸೇರಿ ಮಕ್ಕಳಿಗಾಗಿ ಅಲ್ಲಿ ಆಟ ನಡೆಸುತ್ತಿದ್ದರು. ಲಗೋರಿ, ಖೋಖೋ, ಸಂಜೆಗೆ ಭಜನೆ, ಆಮೇಲೆ ಎಲ್ಲರಿಗೂ ಕಾಗದದ ಪೊಟ್ಟಣದಲ್ಲಿ ಒಗ್ಗರಣೆ ಹಾಕಿದ ಚುರುಮುರಿ ಸೂಸಲಾ, ಜೊತೆಗೊಂದು ಮಿರ್ಚಿ ಭಜಿ. ಭಾನುವಾರ ಬೆಳಗ್ಗೆ ಮಾತ್ರ ಆಟವಿಲ್ಲ, ಗುಡ್ಡ ಹತ್ತುವುದು. ನಮ್ಮನ್ನು ಹತ್ತಿಸುತ್ತಿದ್ದವರು ಭೀಮಣ್ಣ.

ಭೀಮಣ್ಣ ಮಹಾಗಾಂವದ ಕೂಲಿ ಮನೆತನದವರು. ಗುಡ್ಡದಲ್ಲಿ ನೆಟ್ಟ ಸಸಿಗಳಿಗೆ ಕಾವಲುಗಾರರಾಗಿದ್ದರು. ಆಗ ನಾವು ಎಂಟು ವರ್ಷದ ಮಕ್ಕಳೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಬರೆಯುವಾಗಲಾದರೂ ಆ ತಪ್ಪು ತಿದ್ದಿಕೊಳ್ಳುತ್ತೇನೆ.

ಅವರದೊಂದು ಪದ್ಧತಿಯಿತ್ತು. ತಾವು ಎಲ್ಲರಿಗಿಂತ ಮುಂದೆ. ಸಾಲಿನ ಕೊನೆಯ ಹುಡುಗನ ಸೊಂಟಕ್ಕೆ ಆಡಿನ ಕೊರಳಗಂಟೆ. ಅವರು ಹಿಂದೆ ತಿರುಗಿ ನೋಡುತ್ತಲೇ ಇರಲಿಲ್ಲ. ಗಂಟೆಯ ಸದ್ದು ದೂರವಾದರೆ ನಿಲ್ಲುತ್ತಿದ್ದರು, ಹತ್ತಿರವಾದರೆ ನಡೆಯುತ್ತಿದ್ದರು.

"ಗಂಟಿ ಕಟ್ಕೊಂಡವನ ಹಿಂದ ಯಾರೂ ಇರಬಾರ್ದು," ಎಂದು ಪ್ರತಿ ಸಲ ಹೇಳುತ್ತಿದ್ದರು. "ಅವನ ಹಿಂದ ಇರೋದು ಬರೇ ಗುಡ್ಡ. ತಿಳೀತೇನಪಾ?"

ದಾರಿಯುದ್ದಕ್ಕೂ ಗಿಡಗಳ ಹೆಸರು ಹೇಳುವರು. ಒಮ್ಮೆ ಕಕ್ಕೆ ಗಿಡದ ಉದ್ದನೆಯ ಕಾಯಿ ತೋರಿಸಿದಾಗ ನಾನು, "ಇದು ತಿಂದ್ರ ಏನಾಗ್ತದ ಭೀಮಣ್ಣ?" ಎಂದೆ.

"ತಿಂದು ನೋಡಪಾ. ನಾಳಿ ತನಕಾ ತಂಬಿಗಿ ಹಿಡ್ಕೊಂಡು ಓಡಾಡ್ತಿ."

ಒಂದು ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚುವುದು. ಭೀಮಣ್ಣನವರ ಗಂಟಿನಲ್ಲಿ ಕಟಕ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. ಅವರ ಬುತ್ತಿ ಮುಟ್ಟಬಾರದೆಂದು ಚಿಕ್ಕವ್ವ ಹೇಳಿ ಕಳಿಸಿದ್ದಳು. ನಾನು ಕೈಚಾಚಿದರೆ ಅವರೇ ಗಂಟನ್ನು ಆಚೆ ಸರಿಸಿ, "ಬ್ಯಾಡಪಾ, ಮನ್ಯಾಗ ಬೈತಾರ," ಎನ್ನುವರು. ನಾನು ಕಸಿದುಕೊಂಡು ತಿನ್ನುತ್ತಿದ್ದೆ. ಅವರು ಮುಖ ತಿರುಗಿಸಿ ನಗುತ್ತಿದ್ದರು. ಆ ರೊಟ್ಟಿಯ ರುಚಿ ನನಗೆ ಮತ್ತೆಲ್ಲೂ ಸಿಗಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಒಂದು ಹಾಸುಗಲ್ಲು. ಅಲ್ಲಿ ನಿಂತು ಕೂಗಿದರೆ ಎದುರಿನ ದರಿ ಹೆಸರನ್ನು ಮರಳಿ ಕೂಗುತ್ತದೆ. ಆದರೆ ಭೀಮಣ್ಣ ಒಬ್ಬರಿಗೇ ಬಿಡುತ್ತಿದ್ದರು, ಮೊದಲು ಮುಟ್ಟಿದವನಿಗೆ. "ಹಕ್ಕಿ ತತ್ತಿ ಇಟ್ಟಾವ. ಒಂದು ಕೂಗು ಸಾಕು, ಎರಡನೇದು ಅವುಕ್ಕ ತ್ರಾಸ." ನಾನು ದಪ್ಪಗಿದ್ದೆ. ಒಂದು ಸಲವೂ ಮೊದಲು ಮುಟ್ಟಿರಲಿಲ್ಲ.

ಆರನೆಯ ಇಯತ್ತೆ ಮುಗಿಸಿದ ಬೇಸಿಗೆ ಅದು. ನನ್ನ ಪಾಲಿನ ಕೊನೆಯ ಭಾನುವಾರ. ಮರುದಿನ ಕಲಬುರಗಿಗೆ ಹೊರಡಬೇಕು. ಅಂದೇ ಗಂಟೆ ನನ್ನ ಸೊಂಟಕ್ಕೆ ಬಂತು.

"ಏ ಆಡಿನ ಮರಿ, ಬ್ಯಾ ಅನ್ನಲೇ!" ಎಂದು ಹುಡುಗರು ಕಾಡಿದರು. ನನ್ನ ಮುಂದೆಯೇ ಚಿಕ್ಕವ್ವನ ಮಗಳು ಗಂಗು ನಡೆಯುತ್ತಿದ್ದಳು. ಎಂಟು ವರ್ಷದವಳು, ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ. ಚಪ್ಪಲಿ ಹಾಳಾದೀತೆಂದು.

ಅರ್ಧ ದಾರಿಯಲ್ಲಿ ಜಾಲಿ ಮುಳ್ಳು ಚುಚ್ಚಿ ಅವಳು ಕುಳಿತಳು.

"ಅಣ್ಣಾ, ತಗೀ."

ಕಿತ್ತೆ, ಅರ್ಧ ಮುರಿದು ಒಳಗುಳಿಯಿತು. ಮೇಲೆ ನೋಡಿದರೆ ಸಾಲು ತಿರುವಿನಲ್ಲಿದೆ. ಎಡಕ್ಕೆ ಕುರಿಗಳು ಮಾಡಿದ ಒಂದು ಕಡಿದಾದ ಒಳದಾರಿ, ನೇರ ನೆತ್ತಿಗೆ.

"ಇಲ್ಲೇ ಕೂಡು. ಹೀಂಗ ಹೋಗಿ ಹಾಂಗ ಬರ್ತೀನಿ."

"ಗಂಟಿ ನಿನ್ನ ಕಡಿ ಅದ ಅಲ್ಲಣ್ಣ?"

"ಅದಕ್ಕೇ ಬರ್ತೀನಿ ಅನ್ನಾಕತ್ತೀನಿ!"

ಓಡಿದೆ. ಕೈಗೆ ಸಿಕ್ಕ ಬೇರು ಹಿಡಿದು ಹತ್ತಿದೆ. ಗಂಟೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು. ಎಲ್ಲರಿಗಿಂತ ಮೊದಲು ಹಾಸುಗಲ್ಲು ಮುಟ್ಟಿ, ಎದೆ ತುಂಬ ಗಾಳಿ ಎಳೆದು ನನ್ನ ಹೆಸರು ಕೂಗಿದೆ. ದರಿ ಅದನ್ನು ಮೂರು ಸಲ ಹೇಳಿತು. ಇಡೀ ಲೋಕಕ್ಕೆ ನಾನು ಗೊತ್ತಾದೆ ಅನ್ನಿಸಿತು.

ಅಷ್ಟರಲ್ಲಿ ಭೀಮಣ್ಣ ಬಂದರು. ಗಂಟೆ ಹತ್ತಿರವೇ ಕೇಳಿದ್ದರಿಂದ ಹಿಂದಿನವರೆಲ್ಲ ಕೂಡಿಕೊಂಡರು ಎಂದುಕೊಂಡಿದ್ದರು. ಗಂಟೆ ಕಟ್ಟಿಕೊಂಡ ನಾನೇ ಮೊದಲು ಬಂದದ್ದು ಕಂಡು ಹುಬ್ಬು ಗಂಟಿಕ್ಕಿದರು. "ಎಲ್ಲಾರೂ ಬಂದಾರೇನೊ?" ಎಂದರು. ನನಗೆ ಗಂಗುವಿನ ನೆನಪು ಆಗಲೇ ಬಂದಿತ್ತು. ಹೇಳಿದರೆ ಎಲ್ಲರ ಮುಂದೆ ಬೈಸಿಕೊಳ್ಳಬೇಕು. ಇಳಿಯುವಾಗ ಓಡಿ ಕರೆತಂದರಾಯಿತು ಎಂದುಕೊಂಡು "ಹೂಂ" ಅಂದೆ. ಆದರೆ ಬಿಸಿಲು ಏರಿತೆಂದು ಭೀಮಣ್ಣ ಅಂದು ಆಚೆ ಬದಿಯ ನೆರಳಿನ ದಾರಿಯಲ್ಲಿ ಇಳಿಸಿದರು. ಪ್ರತಿ ಹೆಜ್ಜೆಗೂ ಹೇಳಬೇಕೆಂದುಕೊಂಡೆ. ಹೇಳದೆಯೇ ಇಳಿದೆ.

ತೋಪಿನಲ್ಲಿ ಎಣಿಸಿದಾಗ ಒಂದು ತಲೆ ಕಡಿಮೆ.

ಭೀಮಣ್ಣ ಬಂದ ಕಾಲಲ್ಲೇ ಗುಡ್ಡ ಹತ್ತಿದರು. ಊರಿನವರೂ ಹತ್ತಿದರು. ನನ್ನ ಕೂಗು ಕೆಳಗೆ ಗಂಗುವಿಗೂ ಕೇಳಿಸಿತ್ತಂತೆ. ಅಣ್ಣ ಮೇಲೆ ಮುಟ್ಟಿದ, ತನಗಾಗಿ ಬರುವುದಿಲ್ಲ ಎಂದು ತಿಳಿದು, ಕುಂಟುತ್ತ ಯಾವುದೋ ದಾರಿ ಹಿಡಿದಿದ್ದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಭೀಮಣ್ಣನವರೇ ಅವಳನ್ನು ಹೆಗಲ ಮೇಲೆ ಹೊತ್ತು ತಂದರು. ಮೈ ಕೆಂಡದಂತಿತ್ತು. ತುಟಿ ಒಡೆದಿತ್ತು. ಚಪ್ಪಲಿ ಮಾತ್ರ ಇನ್ನೂ ಎದೆಗೆ ಅವಚಿಕೊಂಡಿದ್ದಳು.

ಅವಳು ಬದುಕುತ್ತಾಳೆಂದು ಡಾಕ್ಟರು ಹೇಳಿದ ಮೇಲೆ ಪಂಚಾಯಿತಿ ಕೂಡಿತು. ಚಿಕ್ಕವ್ವನ ಗಂಡ ಬಾರುಕೋಲು ಹಿಡಿದು ನನ್ನೆದುರು ನಿಂತರು.

"ಗಂಟಿ ನಿನ್ನ ಕಡಿ ಇತ್ತು. ನೀ ಮುಂದ ಹ್ಯಾಂಗ ಹೋದಿ?"

"ಭೀಮಣ್ಣನೇ ಮುಂದ ಬಾ ಅಂದಾ, ಕಾಕಾ."

ಹೇಳಿದ್ದು ಇಷ್ಟೇ. ಎಲ್ಲರೂ ಭೀಮಣ್ಣನವರ ಕಡೆ ತಿರುಗಿದರು. ಅವರು ನನ್ನನ್ನು ನೋಡಿದರು, ಕಾಕಾನ ಕೈಯ ಬಾರುಕೋಲು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಹೌದ್ರಿ ಧಣಿ," ಎಂದರು. "ನಾನೇ ಕರದೆ. ನಂದೇ ತಪ್ಪದ."

ಅವರಿಗೆ ಕಾವಲಿನ ಕೆಲಸ ಹೋಯಿತು. ಭಾನುವಾರದ ನಡಿಗೆ ನಿಂತಿತು. ಮುಂದಿನ ಬೇಸಿಗೆಗೆ ತೋಪಿನಲ್ಲಿ ಮಕ್ಕಳ ಬದಲು ದನಗಳಿದ್ದವು.

ಮೆಟ್ರಿಕ್ ಮುಗಿಸಿ ಅಂಗಡಿಯಲ್ಲಿ ಕುಳಿತ ವರ್ಷ, ನಂದೂರಿನ ಒಂದು ಬೇಳೆ ಮಿಲ್ಲಿಗೆ ಅಪ್ಪನ ಚೀಟಿ ಒಯ್ದಿದ್ದೆ. ತೊಗರಿಯ ಧೂಳಿನಲ್ಲಿ ಹುಬ್ಬಿನವರೆಗೆ ಬೆಳ್ಳಗಾಗಿದ್ದ ಹಮಾಲರೊಬ್ಬರು ಚೀಲ ಇಳಿಸಿ ನನ್ನನ್ನೇ ನೋಡಿದರು.

"ಅಂಗಡಿ ಸಾಹುಕಾರ್ರ ಮಗ ಅಲ್ಲೇನಪಾ? ದೊಡ್ಡಾಂವ ಆಗಿ! ಗಂಗವ್ವ ಆರಾಮ ಅದಾಳ?"

"ಆರಾಮ ಅದಾಳ."

"ಕಾಲಾಗಿನ ಮುಳ್ಳು ಹೊಂಟಿತ್ತೇನು?"

"ಹೊಂಟಿತ್ತು."

"ಅಷ್ಟಾದ್ರ ಸಾಕು ಬಿಡು," ಎಂದು ಮತ್ತೊಂದು ಚೀಲಕ್ಕೆ ಬೆನ್ನು ಕೊಟ್ಟರು. ತಪ್ಪಾಯಿತು ಎನ್ನಲು ಎರಡು ಹೆಜ್ಜೆ ಸಾಕಿತ್ತು. ಸುತ್ತ ಹತ್ತು ಜನರಿದ್ದರು. ನಾನು ಸೈಕಲ್ ಹತ್ತಿದೆ.

ಈ ವರ್ಷದ ಬೇಸಿಗೆಯಲ್ಲಿ ಅದೇ ಗುಡ್ಡಕ್ಕೆ ಹೋಗಿದ್ದೆ. ಈಗ ಅಲ್ಲಿ ಗೇಟು, ಮೆಟ್ಟಿಲು, ಗಿಡಗಳಿಗೆ ಫಲಕ. ಭಾನುವಾರ ಬೆಳಗ್ಗೆ ಕಲಬುರಗಿಯಿಂದ ಕಾರಿನಲ್ಲಿ ಬಂದವರನ್ನು ಒಬ್ಬ ಹುಡುಗಿ ಕರೆದುಕೊಂಡು ಹೋಗಿ ಎಲ್ಲ ವಿವರಿಸುತ್ತಾಳೆ. ಒಳ್ಳೆಯ ಹುಡುಗಿ. ಫಲಕವಿಲ್ಲದ ಎರಡು ಗಿಡಗಳ ಹೆಸರು ನಾನು ಹೇಳಿದಾಗ ಕಣ್ಣರಳಿಸಿದಳು.

"ಯಾರು ಕಲಿಸ್ಯಾರ್ರಿ ಅಜ್ಜಾರ?"

ಅಷ್ಟು ವರ್ಷ ಒಳಗೆ ಇಟ್ಟುಕೊಂಡದ್ದು ಅಲ್ಲೇ, ಮೆಟ್ಟಿಲ ಮೇಲೆ, ಪರಿಚಯವಿಲ್ಲದವರ ಮುಂದೆ ಹೊರಬಿತ್ತು. ಭೀಮಣ್ಣ, ಗಂಗು, ನಾನಾಡಿದ ಸುಳ್ಳು. ಒಬ್ಬರು ನನಗೆ ನೀರು ಕೊಟ್ಟರು. ಆ ಹುಡುಗಿ ನನ್ನ ಕೈ ಹಿಡಿದು, "ಹೋಗ್ಲಿ ಬಿಡ್ರಿ ಅಜ್ಜಾ, ಸಣ್ಣವ್ರಿದ್ರಿ ಆವಾಗ," ಎಂದಳು. ಆಮೇಲೆ ಎಲ್ಲರೂ ಮೇಲಕ್ಕೆ ನಡೆದರು.

ಎಷ್ಟು ಸುಲಭವಾಗಿ ಕ್ಷಮಿಸಿಬಿಟ್ಟರು! ಅವರದ್ದೇನೂ ಹೋಗಿರಲಿಲ್ಲವಲ್ಲ. ಭೀಮಣ್ಣ ತೀರಿಕೊಂಡು ಬಹಳ ಕಾಲವಾಯಿತು. ಗಂಗು ಹೋಗಿ ಎರಡು ವರ್ಷ. ಕೊನೆಯವರೆಗೂ ಅಣ್ಣಾ ಎಂದೇ ಕರೆದಳು, ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ಹೋದದ್ದು ಬರೀ ಬಾಲ್ಯವಾಗಿದ್ದರೆ ಎಲ್ಲರಂತೆ ನಾನೂ ನಿಟ್ಟುಸಿರಿಟ್ಟು ಸುಮ್ಮನಿರುತ್ತಿದ್ದೆ. ನನ್ನನ್ನು ಕೊರಳಪಟ್ಟಿ ಹಿಡಿದು ಬೈಯುವ ಹಕ್ಕು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಇತ್ತು. ಇಬ್ಬರೂ ಬೈಯದೆ ಹೋದರು.