ಸಮುದ್ರದ ಆಚೆ ದಂಡೆ

ಮೂವತ್ತೆಂಟು ಮಕ್ಕಳು ಮೂವತ್ತೆಂಟು ಸಮುದ್ರ ಬರೆದುಕೊಟ್ಟಿದ್ದರು. ಪ್ರತಿಯೊಂದು ಸಮುದ್ರಕ್ಕೂ ಆಚೆ ದಂಡೆ ಇತ್ತು. ದಂಡೆಯ ಮೇಲೆ ಕಬ್ಬು ಇತ್ತು. ಕೆಲವರ ಸಮುದ್ರದಾಚೆ ಪಂಪ್‌ಸೆಟ್ಟಿನ ಮನೆ, ಲೈಟಿನ ಕಂಬ, ಒಂದೆರಡು ಎಮ್ಮೆ. ಒಬ್ಬನಂತೂ ಹಿಂದೂ ಮಹಾಸಾಗರಕ್ಕೆ ಮೆಟ್ಟಿಲು ಕಟ್ಟಿ, ಅದರ ಮೇಲೆ ಬಟ್ಟೆ ಒಗೆಯುವ ಹೆಂಗಸರನ್ನು ಕೂರಿಸಿದ್ದ. ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ತಲೆ ಚಚ್ಚಿಕೊಳ್ಳುವುದೊಂದು ನನಗೆ ಬಾಕಿ ಇತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಾಯಬಾಗ ತಾಲ್ಲೂಕಿನಲ್ಲಿ, ಕೃಷ್ಣಾ ದಂಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇತಿಹಾಸ ಮತ್ತು ಕನ್ನಡ ಹೇಳುತ್ತಿದ್ದೆ. ಧಾರವಾಡದಲ್ಲಿ ಹುಟ್ಟಿ ಬೆಳೆದವಳು, ಬಿ.ಎಡ್. ಮುಗಿಸಿ ನೇರ ಇಲ್ಲಿಗೆ ಬಂದಿದ್ದೆ. ಆ ವರ್ಷ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಸಮುದ್ರ ವ್ಯಾಪಾರದ ಪಾಠಗಳನ್ನು ಚಿತ್ರ ಮತ್ತು ಸಾಹಿತ್ಯದ ಮೂಲಕ ಕಲಿಸಬೇಕು ಅಂತ ಅದರಲ್ಲಿತ್ತು. ಸುತ್ತೋಲೆಗಳನ್ನು ಯಾರೂ ಓದುತ್ತಿರಲಿಲ್ಲ, ಸಹಿ ಮಾಡಿ ಮುಂದಿನವರಿಗೆ ದಾಟಿಸುತ್ತಿದ್ದರು. ನಾನು ಓದಿದೆ. ಅದು ನನ್ನ ದುರಭ್ಯಾಸ.

ಓದಿದ ಮೇಲೆ ನನ್ನ ಕಣ್ಣು ವರಾಂಡದ ಗೋಡೆಯ ಮೇಲೆ ಬಿತ್ತು. ನನ್ನ ತರಗತಿ, ಒಂಬತ್ತನೆಯ ಇಯತ್ತೆಯ ಬಾಗಿಲಿನಿಂದ ಹೆಡ್ ಮಾಸ್ತರರ ಕೋಣೆಯ ಬಾಗಿಲಿನವರೆಗೆ ಉದ್ದಕ್ಕೆ ಬಿದ್ದುಕೊಂಡಿದ್ದ ಖಾಲಿ ಗೋಡೆ. ಅದರ ತುಂಬ ಒಂದು ಸಮುದ್ರ, ಒಂದು ದೊಡ್ಡ ಹಡಗು, ಹಡಗಿನ ತುಂಬ ಕುದುರೆ. ಮಕ್ಕಳೇ ಬರೆಯಬೇಕು, ಕೆಳಗೆ ಅವರೇ ಬರೆದ ನಾವಿಕನ ಪತ್ರಗಳನ್ನು ಅಂಟಿಸಬೇಕು. ಹೆಡ್ ಮಾಸ್ತರರಿಗೆ ಆ ಗೋಡೆಯ ಮೇಲೆ ಶಾಲೆಯ ನಿಯಮಗಳನ್ನು ಬರೆಸುವ ಆಸೆ. ಇಪ್ಪತ್ತೆರಡು ನಿಯಮ ಬರೆದಿಟ್ಟುಕೊಂಡಿದ್ದರು. ವಾರಗಟ್ಟಲೆ ಬೆನ್ನು ಹತ್ತಿದ ಮೇಲೆ ಒಂದು ಕರಾರಿಗೆ ಒಪ್ಪಿದರು. ಇನ್ನೆರಡು ತಿಂಗಳಿಗೆ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಾರೆ, ಅವರು ಹ್ಞೂಂ ಅಂದರೆ ಸಮುದ್ರ ಉಳಿಯುತ್ತದೆ, ಇಲ್ಲದಿದ್ದರೆ ಅವತ್ತೇ ಸುಣ್ಣ. ನನಗೆ ಆ ಗೋಡೆ ಬೇಕಾಗಿತ್ತು. ಅಷ್ಟೊಂದು ಬೇಕಾಗಿದ್ದು ಆಗ ನನ್ನ ಬದುಕಿನಲ್ಲಿ ಬೇರೇನೂ ಇರಲಿಲ್ಲ.

ಒಂದು ತಪ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೊದಲ ದಿನ ಪಾಠ ಶುರು ಮಾಡಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ನೀವು ಸಮುದ್ರ ನೋಡೀರೇನ್ರಿ?" ಅಂತ ಕೇಳಿದಳು. ಅವಳ ಅಪ್ಪ ನಮ್ಮ ಊರಿನಿಂದ ಅಥಣಿಯ ಕಡೆಯ ದಂಡೆಗೆ ದೋಣಿ ನಡೆಸುತ್ತಿದ್ದ. ನಾನು ಸಮುದ್ರ ನೋಡಿರಲಿಲ್ಲ. ಧಾರವಾಡದಿಂದ ಕಾರವಾರಕ್ಕೆ ಒಂದು ಹಗಲಿನ ದಾರಿ, ಆದರೂ ನಮ್ಮ ಮನೆಯಲ್ಲಿ ಯಾರಿಗೂ ಅಲ್ಲಿ ಕೆಲಸ ಬಿದ್ದಿರಲಿಲ್ಲ. ಆದರೆ ಮೂವತ್ತೆಂಟು ಮುಖಗಳ ಮುಂದೆ ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. ನೋಡೇನಿ, ಕೂತ್ಕೋ, ಅಂದೆ.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಸಮುದ್ರ ಎಷ್ಟು ದೊಡ್ಡದು, ನೀರು ಎಷ್ಟು ಉಪ್ಪು, ರಾತ್ರಿ ನಿಂತಿರುತ್ತದೋ ಹರಿಯುತ್ತಿರುತ್ತದೋ, ಎಲ್ಲದಕ್ಕೂ ನೋಡಿದವಳ ಹಾಗೆ ಉತ್ತರ ಕೊಡಬೇಕಾಯಿತು. ಉಪ್ಪಿನ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಬ್ಬಿಗೆ ನೀರು ಬಿಟ್ಟೂ ಬಿಟ್ಟೂ ಉಪ್ಪೇರಿ ಸವಳಾದ ಹೊಲ ಪ್ರತಿಯೊಂದು ಮನೆಯಲ್ಲೂ ಒಂದಾದರೂ ಇತ್ತು. ಸಮುದ್ರದ ಕೆಳಗಿನ ಹೊಲದವರು ಯಾರು, ಅಷ್ಟು ನೀರು ಯಾಕೆ ಬಿಟ್ಟರು ಅಂತ ಒಬ್ಬ ಕೇಳಿದ. ಅವನನ್ನು ಕೂರಿಸಲು ನನಗೆ ಅರ್ಧ ಪಿರಿಯಡ್ ಹಿಡಿಯಿತು.

ಕುದುರೆಗಳ ಪಾಠ ಇನ್ನೂ ಕೆಟ್ಟಿತು. ಅರಬರು ಹಡಗಿನಲ್ಲಿ ಕುದುರೆ ತಂದು ನಮ್ಮ ರಾಜರಿಗೆ ಮಾರುತ್ತಿದ್ದರು ಅಂತ ಪಠ್ಯದಲ್ಲಿ ಒಂದೇ ಸಾಲು. ಆ ಸಾಲಿನಿಂದ ರಾಜರು, ಯುದ್ಧ, ಬಂದರುಗಳು ಅಂತ ನಾನು ಮುಂದೆ ಹೋಗಬೇಕೆಂದಿದ್ದೆ. ಮಕ್ಕಳು ಹಡಗು ಬಿಟ್ಟು ಇಳಿಯಲಿಲ್ಲ. ಅಷ್ಟು ಕುದುರೆಗೆ ಮೇವಿನ ಕಣಿಕಿ ಎಲ್ಲಿ ಇಟ್ಟಿದ್ದರು? ಮಳೆ ಬಂದರೆ ಕಣಿಕಿ ತೊಯ್ಯುವುದಿಲ್ಲವೇ? ಸಗಣಿ ಎಲ್ಲಿ ಹಾಕುತ್ತಿದ್ದರು? ಕುದುರೆ ಹಾಕುವುದು ಲದ್ದಿ, ಸಗಣಿಯಲ್ಲ ಅಂತ ತಿದ್ದಿ, ಇನ್ನೊಬ್ಬರು ಕಣಿಕಿಯ ಹೆಸರೆತ್ತಿದರೆ ಹೊರಗೆ ನಿಲ್ಲಿಸುತ್ತೇನೆ ಅಂತ ಹೆದರಿಸಿದೆ. ಮರುದಿನ ತಂದ ಚಿತ್ರಗಳಲ್ಲಿ ಪ್ರತಿ ಹಡಗಿನ ನಡುವೆಯೂ ಅಚ್ಚುಕಟ್ಟಾಗಿ ಒಟ್ಟಿದ ಒಂದು ಕಣಿಕಿಯ ಬಣವೆ ಇತ್ತು.

ಸಾಹಿತ್ಯದ ಪಾಲು ಪತ್ರ ಬರೆಯುವುದು. ತಿಂಗಳುಗಟ್ಟಲೆ ನೀರಿನ ಮೇಲಿರುವ ನಾವಿಕ ತನ್ನ ಮನೆಗೆ ಏನು ಬರೆದಾನು, ಒಂಟಿತನ, ಬಿರುಗಾಳಿ, ನಕ್ಷತ್ರ ನೋಡಿ ದಾರಿ ಹುಡುಕುವುದು, ಎಲ್ಲ ಸೂಚನೆ ಕೊಟ್ಟಿದ್ದೆ. ಬಂದ ಪತ್ರಗಳಲ್ಲಿ ನಾವಿಕರೆಲ್ಲ ಕ್ಷೇಮವಾಗಿದ್ದರು. ಎಮ್ಮೆ ಕರು ಹಾಕಿತೋ ಇಲ್ಲವೋ ತಿಳಿಸಿರಿ ಅಂತ ಒಬ್ಬ. ಫ್ಯಾಕ್ಟರಿಯವರು ಕಬ್ಬು ಕಡಿಯಲು ಗ್ಯಾಂಗ್ ಕಳಿಸಿದರೋ ಇಲ್ಲವೋ ಅಂತ ಇನ್ನೊಬ್ಬ. ಮರಾಠಿ ಮನೆಮಾತಿನ ಹುಡುಗನೊಬ್ಬ ಏಕಸಂಬಿಯ ಸಂತೆಯಿಂದ ಅವ್ವನಿಗೆ ಚಪ್ಪಲಿ ತರಲು ಅಪ್ಪನಿಗೆ ಅರಬ್ಬೀ ಸಮುದ್ರದಿಂದ ನೆನಪು ಮಾಡಿದ್ದ. ಬಿರುಗಾಳಿ ಒಬ್ಬರ ಪತ್ರದಲ್ಲೂ ಬೀಸಿರಲಿಲ್ಲ. ನಾನು ಕೆಂಪು ಶಾಯಿಯಲ್ಲಿ ಎಲ್ಲದರ ಕೆಳಗೆ "ಭಾವನೆ ಸಾಲದು" ಅಂತ ಬರೆದೆ. ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಇಷ್ಟೆಲ್ಲ ಸಹಿಸಿಕೊಂಡೆ. ಬಣವೆ ಇರಲಿ, ಎಮ್ಮೆ ಇರಲಿ. ಆಚೆ ದಂಡೆಯನ್ನು ಮಾತ್ರ ಸಹಿಸಲು ಆಗಲಿಲ್ಲ. ಸಮುದ್ರಕ್ಕೆ ಆಚೆ ದಂಡೆ ಇರುವುದಿಲ್ಲ, ನೀರು ಹೋಗಿ ಆಕಾಶಕ್ಕೆ ಹತ್ತುತ್ತದೆ ಅಂತ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದೆ. ಹ್ಞೂಂ ಅಂದರು. ಮತ್ತೆ ಬರೆದಾಗ ಮತ್ತೆ ದಂಡೆ. ಕೆರೆ, ಬಾವಿ, ಕಾಲುವೆ, ಹೊಳೆ, ಅವರು ಕಂಡ ನೀರಿಗೆಲ್ಲ ಎರಡು ಕಡೆಯೂ ಮಣ್ಣಿತ್ತು. ರಬ್ಬರ್ ಕೊಟ್ಟು ಅಳಿಸಿಸಿದೆ. ಒಬ್ಬೊಬ್ಬರಾಗಿ ಮೂವತ್ತೇಳು ಜನ ಅಳಿಸಿದರು. ದೋಣಿಯವನ ಮಗಳು ಅಳಿಸಲಿಲ್ಲ.

ಸಿಟ್ಟು ಬಂದದ್ದು ಅವಳ ಹಟಕ್ಕಲ್ಲ, ಹಟ ಹಿಡಿದವಳು ಅವಳಾದದ್ದಕ್ಕೆ. ಇಡೀ ಇಯತ್ತೆಯಲ್ಲಿ ನೀರನ್ನು ನೀರಿನ ಹಾಗೆ ಬರೆದವಳು ಅವಳೊಬ್ಬಳೇ. ಸುಳಿ ಎಲ್ಲಿ ತಿರುಗುತ್ತದೆ, ದೋಣಿಯ ಮೂತಿ ಎಲ್ಲಿ ಏಳುತ್ತದೆ ಅವಳಿಗೆ ಗೊತ್ತಿತ್ತು. ಗೋಡೆಯ ಮೇಲೆ ಅವಳ ಚಿತ್ರವನ್ನೇ ದೊಡ್ಡದು ಮಾಡಿ ಬರೆಸಬೇಕು ಅಂತ ಮೊದಲೇ ನಿಶ್ಚಯಿಸಿದ್ದೆ, ಅವಳಿಗೂ ಹೇಳಿದ್ದೆ. ಹಾಗಾಗಿ ಅವಳನ್ನು ಮೇಜಿನ ಹತ್ತಿರ ಕರೆದು ಸಮಾಧಾನದಿಂದಲೇ ಕೇಳಿದೆ. ಅವಳು ನೆಲ ನೋಡುತ್ತ, "ದಂಡಿ ಇಲ್ಲಂದ್ರ ಹಡಗಾ ಯಾಕ ಬಿಡ್ತಾರ್ರಿ?" ಅಂದಳು.

ದಂಡೆ ಇದೆ, ಆದರೆ ಕಾಣುವುದಿಲ್ಲ, ಕಾಣದ್ದನ್ನು ಬರೆಯಬಾರದು ಅಂದೆ.

"ಹೊಳಿ ತುಂಬಿ ಬಂದಾಗ ಅಥಣಿ ಕಡಿ ದಂಡಿನೂ ಕಾಣಂಗಿಲ್ರಿ. ಆದ್ರೂ ನಮ್ಮಪ್ಪ ಅದರ ಮ್ಯಾಲ ನದರ ಇಟ್ಟ ದೋಣಿ ಬಿಡ್ತಾನ."

ಉತ್ತರ ಇಲ್ಲದಾಗ ಮಾಸ್ತರರು ಮಾಡುವುದನ್ನೇ ನಾನೂ ಮಾಡಿದೆ, ದನಿ ಏರಿಸಿದೆ. ಸಮುದ್ರ ನೋಡಿದವಳು ನಾನೋ ನೀನೋ ಅಂತ ಕೇಳಿದೆ. ಅವಳು ರಬ್ಬರ್ ತೆಗೆದುಕೊಂಡು ಹೋಗಿ, ಬೆಂಚಿನ ಮೇಲೆ ಬಗ್ಗಿ, ಹಾಳೆ ಹರಿಯುವ ಹಾಗೆ ಉಜ್ಜಿ ಅಳಿಸಿದಳು.

ಗೋಡೆ ಬರೆಯುವುದು ಮೂರು ವಾರ ನಡೆಯಿತು. ನಮ್ಮ ಡ್ರಾಯಿಂಗ್ ಮಾಸ್ತರರು ವಾರಕ್ಕೆ ಎರಡೇ ದಿನ ಬರುವವರು, ಉಳಿದ ದಿನ ನಿಪ್ಪಾಣಿಯಲ್ಲಿ ಅಂಗಡಿ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿ ಬರೆಯುತ್ತಿದ್ದರು. ಬಿಟ್ಟರೆ ಸಮುದ್ರದ ಅಂಚಿಗೂ ಟ್ರಾಲಿಯ ಹಾಗೆ ಹೂವಿನ ಬಳ್ಳಿ ಎಳೆದುಬಿಡುತ್ತಿದ್ದರು. ನಾನು ಬಿಡಲಿಲ್ಲ. ನೀಲಿ ಬಣ್ಣ ಸಾಲದ್ದಕ್ಕೆ ಮಕ್ಕಳು ಮನೆಮನೆಯಿಂದ ಬಟ್ಟೆಗೆ ಹಾಕುವ ನೀಲಿಯ ಪುಡಿ ತಂದರು, ಅದನ್ನೇ ಸುಣ್ಣಕ್ಕೆ ಕಲಸಿದೆವು. ಹಡಗಿನ ಪಟ ಏರಿತು, ಕುದುರೆಗಳು ಕಿವಿ ನಿಮಿರಿಸಿ ನಿಂತವು, ನಡುವೆ ಬಣವೆಯೂ ನಿಂತಿತು. ದೋಣಿಯವನ ಮಗಳು ಹೇಳಿದಷ್ಟು ಮಾಡಿದಳು. ಅಲೆ ಬರೆ ಅಂದರೆ ಅಲೆ, ಪಟ ಬರೆ ಅಂದರೆ ಪಟ. ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂತೂ ದಾರಿಗೆ ಬಂದಳು ಅಂದುಕೊಂಡೆ.

ಸಾಹೇಬರು ಬರುವ ಹಿಂದಿನ ದಿನ ಹೆಡ್ ಮಾಸ್ತರರು ಸುಣ್ಣದ ಬಕೆಟ್ಟನ್ನೂ ಕುಂಚವನ್ನೂ ವರಾಂಡದ ಮೂಲೆಯಲ್ಲಿ ತಂದಿಟ್ಟರು. ಮುಂಜಾಗ್ರತೆ ಅಂದರು. ಜೊತೆಗೆ ಇನ್ನೊಂದು ಸುದ್ದಿಯನ್ನೂ ಹೇಳಿದರು. ಈ ಸಲ ಬರುವವರು ಕಾರವಾರದವರಂತೆ, ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದವರಂತೆ. ಅವತ್ತು ಶಾಲೆ ಬಿಟ್ಟ ಮೇಲೂ ಮಕ್ಕಳನ್ನು ಕೂರಿಸಿಕೊಂಡು, ಸಮುದ್ರಕ್ಕೆ ಆಚೆ ದಂಡೆ ಇಲ್ಲ ಅಂತ ಮತ್ತೆ ಮತ್ತೆ ಹೇಳಿಸಿದೆ.

ಸಾಹೇಬರು ಮೆದುವಾಗಿ ಮಾತಾಡುವ ಮನುಷ್ಯ. ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಬಣವೆ ನೋಡಿ ನಕ್ಕು, ಮೇವು ಇಲ್ಲದೆ ಕುದುರೆ ಬಂದೀತೇ, ಇದನ್ನು ಯೋಚಿಸಿದವರು ಯಾರು ಅಂದರು. ಕೆಳಗೆ ಅಂಟಿಸಿದ್ದ ಎಮ್ಮೆಯ ಪತ್ರವನ್ನು ಎರಡು ಸಲ ಓದಿದರು. ತಮ್ಮ ಕಡೆ ದೋಣಿಯ ಮೇಲೆ ಹೋದವರೂ ಮನೆಗೆ ಹೀಗೆಯೇ ಬರೆಯುತ್ತಾರೆ, ಬಿರುಗಾಳಿಯ ಸುದ್ದಿ ಬರೆದು ಹೆಂಗಸರನ್ನು ಹೆದರಿಸುವುದಿಲ್ಲ ಅಂದರು. ನಾನು ಕೆಂಪು ಶಾಯಿಯ ಸಾಲು ಕಾಣದ ಹಾಗೆ ಅಡ್ಡ ನಿಂತೆ. ಆಮೇಲೆ ಅವರು ಮಕ್ಕಳ ಕಡೆ ತಿರುಗಿ, "ಈ ಸಮುದ್ರದ ಆಚೆ ಏನಿದೆ?" ಅಂತ ಕೇಳಿದರು.

ಏನೂ ಇಲ್ರಿ, ಅಂತ ಇಯತ್ತೆಗೆ ಇಯತ್ತೆ ಒಂದೇ ದನಿಯಲ್ಲಿ ಹೇಳಿತು. ಕಲಿಸಿದ್ದು ಕಲಿಸಿದ ಹಾಗೆ ಬಂದಿತ್ತು.

ಸಾಹೇಬರ ಮುಖ ಸಣ್ಣಗಾಯಿತು. ಹಾಗಾದರೆ ಈ ಹಡಗು ಎಲ್ಲಿಂದ ಬಂತು, ಕುದುರೆ ಎಲ್ಲಿ ಹುಟ್ಟಿದವು ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅರಬಸ್ತಾನ ಅನ್ನುವ ಪದ ಅವರೆಲ್ಲರಿಗೂ ಗೊತ್ತಿತ್ತು, ಆದರೆ ಅದಕ್ಕೆ ನಿಲ್ಲಲು ನಾನು ನೆಲವನ್ನೇ ಉಳಿಸಿರಲಿಲ್ಲ. ಹೆಡ್ ಮಾಸ್ತರರು ಬಕೆಟ್ಟಿನ ಕಡೆ ನೋಡಿದರು. ಆಗ ದೋಣಿಯವನ ಮಗಳು ಎದ್ದು ನಿಂತಳು.

"ಆಚಿ ದಂಡಿ ಇತ್ತರಿ. ಅಳಿಸೇವ್ರಿ."

ಯಾಕೆ ಅಂತ ಸಾಹೇಬರು ಕೇಳಿದರು.

"ಅಕ್ಕೋರು ಸಮುದ್ರ ನೋಡ್ಯಾರ್ರಿ. ನಾವು ನೋಡಿಲ್ರಿ."

ಅವಳು ನನ್ನನ್ನು ಸಿಕ್ಕಿಸಲು ಹೇಳಲಿಲ್ಲ, ಉಳಿಸಲು ಹೇಳಿದಳು. ಅದು ನನಗೆ ಗೊತ್ತಿತ್ತು. ಸಾಹೇಬರು ಖುಷಿಯಿಂದ ನನ್ನ ಕಡೆ ತಿರುಗಿ, ಯಾವ ಕಡೆ ನೋಡಿದ್ದೀರಿ, ಕಾರವಾರವೋ ರತ್ನಾಗಿರಿಯೋ ಅಂತ ವಿಚಾರಿಸಿದರು. ಎರಡರಲ್ಲಿ ಒಂದು ಹೆಸರು ಹೇಳಿದರೆ ಮುಗಿಯುತ್ತಿತ್ತು.

"ನೋಡಿಲ್ಲ ಸರ್," ಅಂದೆ. "ಇವಳು ಹೇಳಿದ್ದು ಸರಿ ಇತ್ತು. ನಾನೇ ಅಳಿಸಿಸಿದೆ."

ಮೂವತ್ತೆಂಟು ಮುಖಗಳು ನನ್ನ ಕಡೆ ತಿರುಗಿದವು. ಅಂಥ ನಾಚಿಕೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಸಾಹೇಬರು ಹೋಗುವಾಗ ತಪಾಸಣೆಯ ಪುಸ್ತಕದಲ್ಲಿ ಗೋಡೆ ಇರಲಿ, ಚಿತ್ರ ಪೂರ್ತಿ ಮಾಡಿಸಿರಿ ಅಂತ ಬರೆದು ಸಹಿ ಮಾಡಿದರು. ಹೆಡ್ ಮಾಸ್ತರರು ಅದನ್ನು ಓದಿ, ಇನ್ನೂ ಪೂರ್ತಿ ಆಗಬೇಕೇ ಅಂತ ಗೊಣಗಿದರು.

ಮರುದಿನ ದೋಣಿಯವನ ಮಗಳನ್ನು ಕರೆದು ಕುಂಚ ಕೊಟ್ಟೆ. ನಿನ್ನ ದಂಡೆ ಬರೆದುಬಿಡು ಅಂದೆ. ಬೈಯುತ್ತಾಳೋ, ಅಳುತ್ತಾಳೋ ಅಂತ ನಾನು ಕಾಯುತ್ತಿದ್ದೆ. ಅವಳು ಕೇಳಿದ್ದು ಒಂದೇ, ಹಡಗಿನವರಿಗೆ ದಂಡೆ ಕಾಣಬೇಕೋ ಕಾಣಬಾರದೋ ಅಂತ. ಕಾಣಬಾರದು, ಆದರೆ ಇರಬೇಕು ಅಂದೆ.

"ಹಂಗಾರ ಈ ಗ್ವಾಡಿ ಸಾಲಂಗಿಲ್ರಿ."

ಬಣ್ಣದ ಡಬ್ಬಿ ಎತ್ತಿಕೊಂಡು ನಡೆದಳು. ಹಡಗು ದಾಟಿ, ಕೊನೆಯ ಅಲೆ ದಾಟಿ, ಹೆಡ್ ಮಾಸ್ತರರ ಕೋಣೆಯ ಬಾಗಿಲು ದಾಟಿ ಮೂಲೆ ತಿರುಗಿದಳು. ಅಲ್ಲಿ ಇನ್ನೊಂದು ಖಾಲಿ ಗೋಡೆ ಇತ್ತು, ಹೆಡ್ ಮಾಸ್ತರರು ತಮ್ಮ ಇಪ್ಪತ್ತೆರಡು ನಿಯಮಗಳಿಗೆ ಅಂತ ಅವತ್ತು ಬೆಳಿಗ್ಗೆಯಷ್ಟೇ ಅಳತೆ ಮಾಡಿಸಿ ಸೀಸದ ಕಡ್ಡಿಯಿಂದ ಗೆರೆ ಹಾಕಿಸಿದ್ದರು. ಆ ಗೆರೆಗಳ ಮೇಲೆಯೇ ಅವಳು ಕೆಮ್ಮಣ್ಣಿನ ಬಣ್ಣದಲ್ಲಿ ದಂಡೆ ಎಳೆದಳು. ದಂಡೆಯ ಮೇಲೆ ಕಬ್ಬು ಬರೆದಳು. ಅರಬಸ್ತಾನದಲ್ಲಿ ಕಬ್ಬು ಇರುವುದಿಲ್ಲ ಅನ್ನುವ ಮಾತು ನನ್ನ ತುದಿನಾಲಿಗೆಯವರೆಗೆ ಬಂದಿತ್ತು. ಒಳಗಿನಿಂದ ಹೆಡ್ ಮಾಸ್ತರರು ನನ್ನನ್ನು ಕೂಗುತ್ತಿದ್ದರು. ನಾನು ಹೋಗಲಿಲ್ಲ, ಬಣ್ಣ ಒಣಗಲಿ ಅಂತ ಅಲ್ಲಿಯೇ ನಿಂತಿದ್ದೆ.