ನಾಚಾರಂ ಶೆಡ್ಡಿನ ಹಾಯಿದೋಣಿ

ಸಮುದ್ರವನ್ನೇ ಕಾಣದ ಮನುಷ್ಯ ಸಮುದ್ರಕ್ಕೆ ಹೋಗುವ ದೋಣಿ ಕಟ್ಟಿದ ಎಂದರೆ ಯಾರು ನಂಬುತ್ತಾರೆ? ಅಮೃತಪ್ಪನ ಹೆಂಡತಿ ಶಿವದೇವಿಯೇ ನಂಬಿರಲಿಲ್ಲ. ಲಿಂಗಸುಗೂರು ಕಡೆಯಿಂದ ಹದಿನೇಳನೆಯ ವಯಸ್ಸಿಗೆ ಕಟ್ಟಡಗಳಿಗೆ ಸಾರವೆ ಕಟ್ಟುವವರ ಜೊತೆ ಹೈದರಾಬಾದಿಗೆ ಬಂದವನು, ಆಮೇಲೆ ಅಲ್ಲಿನ ನಾಚಾರಂನಲ್ಲಿ ಫೈಬರ್ ನೀರಿನ ಟ್ಯಾಂಕು ಮಾಡುವ ಕಾರ್ಖಾನೆ ಸೇರಿದ. ಗಾಜಿನ ನಾರಿನ ಬಟ್ಟೆ ಹಾಸಬೇಕು, ಅದಕ್ಕೆ ರೆಸಿನ್ ಎಂಬ ಅಂಟು ಕುಡಿಸಬೇಕು, ಪದರದ ಮೇಲೆ ಪದರ ಏರಿಸಬೇಕು. ಇಪ್ಪತ್ತೆರಡು ವರ್ಷ ಅದೇ ಕೆಲಸ. ಅವನ ಕೈಯಿಂದ ಹೋದ ಒಂದು ಟ್ಯಾಂಕೂ ಸೋರಿದ್ದಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಕಾರ್ಖಾನೆ ಮುಚ್ಚಿ ಮನೆಯಲ್ಲಿ ಕೂತಾಗ ಅವನನ್ನು ಹುಡುಕಿಕೊಂಡು ಬಂದವರು ಶಿವಪ್ರಕಾಶ. ಬಾಗಲಕೋಟೆ ಕಡೆಯವರು, ಸಿಕಂದರಾಬಾದಿನಲ್ಲಿ ರೈಲ್ವೆ ಇಂಜಿನಿಯರಾಗಿ ನಿವೃತ್ತರಾದವರು. ಭಾನುವಾರ ಬಂದರೆ ಸಾಕು, ಹುಸೇನ್ ಸಾಗರ ಕೆರೆಯಲ್ಲಿ ಹಾಯಿ ಬಿಚ್ಚಿ ಸುತ್ತುವ ಹುಚ್ಚು. ಆ ಹುಚ್ಚು ಬೆಳೆದು, ಸ್ವಂತ ದೋಣಿಯಲ್ಲಿ ಒಬ್ಬರೇ ಗೋವಾದಿಂದ ಆಫ್ರಿಕಾದ ತನಕ ಹೋಗಿ ಬರುವ ಆಸೆಯಾಗಿತ್ತು. ನಾಚಾರಂನಲ್ಲೇ ಒಂದು ತಗಡಿನ ಶೆಡ್ಡು ಹಿಡಿದು ಇಬ್ಬರೂ ಎಂಟು ವರ್ಷ ದೋಣಿ ಕಟ್ಟಿದರು. ಶಿವಪ್ರಕಾಶ ಅವನಿಗೆ ನಕ್ಷೆ ಓದುವುದನ್ನು ಕಲಿಸಿದರು, ಒಂದೇ ಡಬ್ಬಿಯಲ್ಲಿ ಉಂಡರು, "ಅಮೃತಪ್ಪನೋರ" ಎಂದು ಕರೆದರು. ಕಾರ್ಖಾನೆಯಲ್ಲಿ "ಏ" ಎನ್ನುವುದೇ ಅವನ ಹೆಸರಾಗಿತ್ತು. ಹಾಗಾಗಿ ಈ ಮನುಷ್ಯನಿಗಾಗಿ ಅಮೃತಪ್ಪ ಬೆಂಕಿಗೆ ಕೈ ಹಾಕು ಎಂದರೂ ಹಾಕುತ್ತಿದ್ದ.

ದೋಣಿ ಮುಗಿದ ದಿನ ಶಿವಪ್ರಕಾಶರ ಹೆಂಡತಿ ಸುಮತಿ ಶೆಡ್ಡಿಗೆ ಬಂದರು. ದೋಣಿಯ ಸುತ್ತ ಒಂದು ಸುತ್ತು ಬಂದು ನಿಂತರು.

"ದೋಣಿ ಸರಿ ಐತಿ ಅಂತ ನೀವು ಹೇಳ್ತೀರಿ ಅಮೃತಪ್ಪನೋರ. ಇವರು ಸರಿ ಅದಾರಂತ ಹೇಳೋರು ಯಾರ್ರಿ?"

ಅಮೃತಪ್ಪ ಆಗ ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ಸಾರವೆ ಗುಂಪಿನಲ್ಲಿ ಹೊಸಬರನ್ನು ಎತ್ತರಕ್ಕೆ ಹತ್ತಿಸುವ ಮೊದಲು ಮೇಸ್ತ್ರಿ ಒಂದು ಪರೀಕ್ಷೆ ಮಾಡುತ್ತಿದ್ದ. ಮೊದಲನೆಯ ಅಂತಸ್ತಿನ ಹಲಗೆಯ ಮೇಲೆ ಕೆಲಸ ಕೊಡದೆ ಬೆಳಗಿನಿಂದ ಸಂಜೆ ತನಕ ಸುಮ್ಮನೆ ಕೂಡಿಸುವುದು. ಕೂತವನು ಉಳಿದ, ಚಡಪಡಿಸಿ ಇಳಿದವನು ಸಿಮೆಂಟು ಕಲಸಲು ಹೋದ. ಕೆಲಸವಿದ್ದಾಗ ಅಂಜಿಕೆ ಗೊತ್ತಾಗುವುದಿಲ್ಲ, ಸುಮ್ಮನೆ ಕೂತಾಗಲೇ ಗೊತ್ತಾಗುವುದು ಎಂದು ಮೇಸ್ತ್ರಿಯ ಲೆಕ್ಕ.

"ಹತ್ತು ದಿನ ದೋಣಿಯೊಳಗ ಕುಂದ್ರಲ್ರಿ. ಇಲ್ಲೇ ಶೆಡ್ನ್ಯಾಗ, ಬಾಗಲಾ ಹಾಕ್ಕೊಂಡು. ಗೊತ್ತಾಗತೈತಿ," ಎಂದ.

ಶಿವಪ್ರಕಾಶ ನಕ್ಕು ಒಪ್ಪಿದರು. ಸಂಕ್ರಾಂತಿ ಕಳೆದ ವಾರ, ಸೆಕೆಯ ನೆಪವೂ ಇಲ್ಲ. ಹಾಯಿ ಕ್ಲಬ್ಬಿನ ಗೆಳೆಯರು ಬಂದು ಹಾರ ಹಾಕಿ ಫೋಟೋ ತೆಗೆಸಿಕೊಂಡರು. ಒಂಟಿಯಾಗಿ ಹೋಗುವವನು ಸಮುದ್ರದಲ್ಲಿ ಒಂದೇ ಸಮ ನಿದ್ದೆ ಮಾಡುವಂತಿಲ್ಲ, ಹಡಗು ಬಂದು ಬಡಿದೀತು. ಆದ್ದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು, ಕಿಟಕಿಯಲ್ಲಿ ನೋಡಿ, ಗಂಟೆ ಹೊಡೆಯಬೇಕು. ಹೊರಗಿನಿಂದ ಚಿಲಕ ಹಾಕಿ ಹಗಲು ಅಮೃತಪ್ಪ, ರಾತ್ರಿ ವಾಚ್‌ಮನ್ ಸಾಬಣ್ಣ ಕಾವಲು. ಹನ್ನೊಂದನೆಯ ದಿನ ದೋಣಿ ತಪಾಸಣೆಗೆ ವಿಶಾಖಪಟ್ಟಣದಿಂದ ಸರ್ವೇಯರ್ ಬರುವುದೆಂದು ನಿಕ್ಕಿಯಾಯಿತು.

ನಾಲ್ಕನೆಯ ದಿನ ಮಧ್ಯಾಹ್ನ ಗಂಟೆ ಬೀಳಲಿಲ್ಲ. ಅಮೃತಪ್ಪ ಏಣಿ ಹತ್ತಿ ಕಿಟಕಿಯಲ್ಲಿ ಇಣುಕಿದ. ಶಿವಪ್ರಕಾಶ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದರು.

"ತಗೀರಿ," ಎಂದರು. "ಕೈ ಮುಗೀತೀನಿ, ಬಾಗಲಾ ತಗೀರಿ."

ಹೊರಗೆ ಬಂದವರು ಏಣಿಯ ಬುಡದಲ್ಲೇ ಕುಸಿದರು. ಮೊದಲ ದಿನದಿಂದಲೂ ಗೋಡೆಗಳು ಮೈಮೇಲೆ ಬಂದಂತಾಗುತ್ತದೆ, ಉಸಿರು ಕಟ್ಟುತ್ತದೆ, ಯಾರೋ ಮಾತಾಡಿದಂತೆ ಕೇಳುತ್ತದೆ ಎಂದರು. ಅಮೃತಪ್ಪ ಅವರ ಪಕ್ಕದಲ್ಲಿ ಕೂತ.

"ಇರ್ಲಿ ಬಿಡ್ರಿ ಸರ್. ಸುಮತಿ ಅಕ್ಕಾರಿಗೆ ಖರೇ ಹೇಳಿಬಿಡೋಣು."

"ಎಂಟು ವರ್ಷ ಊರೆಲ್ಲಾ ಹೇಳ್ಕೊಂತ ತಿರುಗೀನಿ. ಈಗ ಅಂಜಿದೆ ಅಂತ ಹ್ಯಾಂಗ ಹೇಳ್ಲಿ? ದೋಣಿ ಪಾಸ್ ಆದ್ರ ನಾನು ಹೋಗೇ ಹೋಗ್ತೀನಿ."

"ಹೋದ್ರ ನೀವು ತಿರುಗಿ ಬರಂಗಿಲ್ರಿ."

"ನನಗೂ ಗೊತ್ತೈತಿ," ಎಂದರು ಶಿವಪ್ರಕಾಶ. "ದೋಣ್ಯಾಗ ತಪ್ಪು ಐತಿ ಅಂದುಬಿಡ್ರಿ, ಅಮೃತಪ್ಪನೋರ. ಅಷ್ಟ ಮಾಡ್ರಿ."

ಅಮೃತಪ್ಪನಿಗೆ ಸಿಟ್ಟು ನೆತ್ತಿಗೇರಿತು. ತಪ್ಪಂತೆ! ಯಾವ ತಪ್ಪು? ಒಂದು ಗುಳ್ಳೆ ತೋರಿಸಲಿ ನೋಡೋಣ. ಎದ್ದು ಹೋಗಿ ಶೆಡ್ಡಿನ ಹೊರಗೆ ನಿಂತ. ಅಲ್ಲಿಗೇ ಸುಮತಿ ಅವನಿಗೆ ಊಟದ ಡಬ್ಬಿ ಹಿಡಿದುಕೊಂಡು ಬಂದರು. ಹತ್ತು ದಿನ ತಾವು ಶೆಡ್ಡಿನೊಳಗೆ ಬರುವಂತಿಲ್ಲ ಎಂಬ ನಿಯಮವನ್ನು ಸುಮತಿಯೇ ಮಾಡಿದ್ದರು.

"ಹ್ಯಾಂಗದಾರ್ರಿ?"

ನಾಲಿಗೆಯ ತುದಿಗೆ ಬಂದಿತ್ತು. ಆದರೆ ಏಣಿಯ ಬುಡದಲ್ಲಿ ಕುಸಿದವರು ಕಣ್ಣಿಗೆ ಕಟ್ಟಿದ್ದರು. "ಚೊಲೋ ಅದಾರ್ರಿ ಅಕ್ಕಾರ," ಎಂದುಬಿಟ್ಟ.

ಸುಮತಿಯ ಮುಖ ಬಾಡಿತು. "ಹಂಗಾರ ಹೋಗೋದು ಖರೇ ಆತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಆಟೋ ಹತ್ತಿದರು. ಇನ್ನು ಅವರನ್ನು ತಡೆಯಲು ದೋಣಿಯನ್ನೇ ಕೆಡಿಸುವುದು ಬಿಟ್ಟು ಬೇರೆ ದಾರಿ ಉಳಿಯಲಿಲ್ಲ.

ಬಾಯಿಮಾತಿಗೆ ಸರ್ವೇಯರ್ ಒಪ್ಪುವುದಿಲ್ಲ. ಸಣ್ಣ ಸುತ್ತಿಗೆಯಿಂದ ದೋಣಿಯ ಮೈಯೆಲ್ಲ ತಟ್ಟಿ ನೋಡುತ್ತಾನೆ. ಗಟ್ಟಿ ಇದ್ದಲ್ಲಿ ಠಣ್ ಎನ್ನುತ್ತದೆ, ಪದರ ಹಿಡಿಯದ ಕಡೆ ಡಬ್ ಎನ್ನುತ್ತದೆ. ದೋಣಿ ಮಗುಚದಂತೆ ಹೊಟ್ಟೆಯ ಅಡಿ ಸೀಸದ ಭಾರ ಜೋಡಿಸಿರುತ್ತಾರೆ. ಅದು ಕೂರುವ ಜಾಗವನ್ನೇ ಅಮೃತಪ್ಪ ಆರಿಸಿಕೊಂಡ. ಐದನೆಯ ದಿನ ಗ್ರೈಂಡರ್ ಹಚ್ಚಿ ಮೊಳದುದ್ದ ಕೊಯ್ದ. ಪದರಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು, ಒಂದು ಗುಳ್ಳೆ ಇರಲಿಲ್ಲ. ಶಿವಪ್ರಕಾಶ ಬಾಗಿ ಅದರ ಮೇಲೆ ಬೆರಳಾಡಿಸಿದರು.

"ಎಷ್ಟು ಚೊಲೋ ಮಾಡಿದ್ರಿ!"

"ಹೌದ್ರಿ. ನೋಡಾಕ ಕೊಯ್ಯಬೇಕಾತು," ಎಂದ ಅಮೃತಪ್ಪ.

ಕೆಡಿಸುವುದೂ ಸುಲಭವಲ್ಲ. ಬಟ್ಟೆ ಹಾಸಿ ರೆಸಿನ್ ಕಡಿಮೆ ಕುಡಿಸಬೇಕಿತ್ತು, ಅಷ್ಟೆ. ಆದರೆ ಕೈ ತಾನಾಗಿಯೇ ಬ್ರಷ್ಷು ತುಂಬ ಅದ್ದಿಕೊಂಡು ಬಂದು ತುಂಬ ಕುಡಿಸಿಬಿಡುತ್ತಿತ್ತು. ಎರಡು ಸಲ ಕಿತ್ತು ಹಾಕಿದ. ಮೂರನೆಯ ಸಲ ಒಣಒಣ ಬಿಟ್ಟು, ಮೇಲೊಂದು ತೆಳು ಪದರ ಎಳೆದು, ಬಣ್ಣ ಬಳಿದ. ಅಂದು ಮನೆಗೆ ಹೋಗಿ ಊಟ ಮಾಡಲಿಲ್ಲ. ಯಾಕೆಂದು ಶಿವದೇವಿ ಕೇಳಿದರೆ ಗೋಡೆಗೆ ಮುಖ ಮಾಡಿ ಮಲಗಿದ. ಉಳಿದ ದಿನ ಶಿವಪ್ರಕಾಶ ಬಾಗಿಲು ತೆರೆದಿಟ್ಟುಕೊಂಡು ಒಳಗೆ ಕೂತು, ಸಾಬಣ್ಣ ಬರುವ ಹೊತ್ತಿಗೆ ಮುಚ್ಚಿಸಿಕೊಂಡು, ನಿದ್ದೆಗೆಟ್ಟು ಗಂಟೆ ಹೊಡೆದರು. ಅವರನ್ನು ನೋಡಿದರೆ ಅಮೃತಪ್ಪನಿಗೆ ಅಯ್ಯೋ ಎನಿಸುತ್ತಿತ್ತು, ಮರುಗಳಿಗೆಗೆ ಮೈ ಉರಿಯುತ್ತಿತ್ತು.

ಹನ್ನೊಂದನೆಯ ದಿನ ಶೆಡ್ಡು ತುಂಬ ಜನ. ಗಡ್ಡ ಬಿಟ್ಟ ಶಿವಪ್ರಕಾಶ ಹೊರಗೆ ಬಂದಾಗ ಚಪ್ಪಾಳೆಯೋ ಚಪ್ಪಾಳೆ. ಸರ್ವೇಯರ್ ತಟ್ಟುತ್ತಾ ಬಂದ. ಠಣ್, ಠಣ್, ಠಣ್, ಡಬ್. ನಿಂತ. ಕೆರೆದು ನೋಡಿದರೆ ಒಣ ನಾರು ಕೂದಲಿನಂತೆ ಎದ್ದು ಬಂತು. ಮೊದಲ ಬಿರುಗಾಳಿಗೇ ಸೀಸ ಕಳಚಿ ದೋಣಿ ಮಗುಚುತ್ತಿತ್ತು, ಈ ದೋಣಿಯನ್ನು ನೀರಿಗಿಳಿಸಬೇಡಿ ಎಂದು ಹಿಂದಿಯಲ್ಲಿ ಹೇಳಿ, ಇದನ್ನು ಮಾಡಿದವರು ಯಾರು ಎಂದು ಕೇಳಿದ.

"ನಾನ್ರಿ," ಎಂದ ಅಮೃತಪ್ಪ. ಹಿಂದಿ ಮರೆತೇ ಹೋಗಿತ್ತು.

ನೀರಿನ ಟ್ಯಾಂಕು ಮಾಡುವವನ ಕೈಗೆ ದೋಣಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಕ್ಲಬ್ಬಿನವರು ಯಾರೋ ಹಿಂದಿನಿಂದ ಅಂದರು. ಸುಮತಿ ಮುಂದೆ ಬಂದರು.

"ಎಂಟು ವರ್ಷ ನಿಮ್ಮನ್ನ ನಂಬಿದ್ವಲ್ರಿ! ಹತ್ತು ದಿನ ಕುಂತು ಇವರು ಪಾಸಾದ್ರು. ನಿಮ್ಮ ಕೆಲಸದಿಂದ ನಮ್ಮವರು ಸಾಯ್ತಿದ್ರು!"

ಅಮೃತಪ್ಪ ಶಿವಪ್ರಕಾಶರ ಮುಖ ನೋಡಿದ. ಒಂದು ಮಾತು ಆಡಿಯಾರು ಎಂದು ಕಾದ. ಆಡಿದರು. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಆಡಿದರು.

"ಹೋಗ್ಲಿ ಬಿಡು ಸುಮತಿ. ಮನುಷ್ಯಾರ ಕೈಲೆ ತಪ್ಪು ಆಗತೈತಿ. ನಾನಂತೂ ಅವರನ್ನ ಕ್ಷಮಿಸೀನಿ."

"ತಪ್ಪಾತ್ರಿ ಅಕ್ಕಾರ," ಎಂದ ಅಮೃತಪ್ಪ.