ಕಂಡವರ ರಜೆಗೆ ದಾರಿ ಹಾಕುವ ವೆಲ್ಡಾ

ಬೆಟ್ಟದ ನೆತ್ತಿ ಇನ್ನೂ ಮೋಡದೊಳಗಿದೆ. ಸೇಬಾ ದ್ವೀಪದ ವಿಂಡ್‌ವರ್ಡ್‌ಸೈಡ್ ಊರಿನ ಡೈವಿಂಗ್ ಅಂಗಡಿಯ ಜಗಲಿಯಲ್ಲಿ ನಿಂತ ವೆಲ್ಡಾ ಝೇಗರ್ಸ್, ಬಿಸಿ ಜಾನಿಕೇಕ್ ರೊಟ್ಟಿ ಮುರಿದು ಬಾಯಿಗಿಡುತ್ತಾ ಕೆಳಗಿನ ಕಡಲನ್ನು ದಿಟ್ಟಿಸುತ್ತಿದ್ದಾರೆ. ಬಂದರಿನಲ್ಲಿ ಬೋಟು ತೊಳೆಯುತ್ತಿರುವ ಎಲ್ವಿನ್‌ಗೆ ಫೋನು ಹೋಗುತ್ತದೆ. ಎಲ್ವಿನ್, ವೆಲ್ಡಾ ಅವರ ಚಿಕ್ಕಪ್ಪನ ಮಗ, ಅತಿಥಿಗಳನ್ನು ನೀರಿಗಿಳಿಸುವ ಗೈಡ್.

"ಉತ್ತರದ ಕಡೆಯಿಂದ ಅಲೆ ಏಳ್ತಿದೆ, ದಕ್ಷಿಣದ ಮಗ್ಗುಲಿಗೆ ಹೋಗು. ಆ ಟೊರಾಂಟೋ ಹೆಂಗಸು ಮಾಸ್ಕಿಗೆ ನೀರು ಬಂದ್ರೆ ಗಾಬರಿ ಬೀಳ್ತಾಳೆ, ನಿನ್ನ ಪಕ್ಕಾನೇ ಇಟ್ಕೋ."

"ಆಗ್ಲಿ ಮಹಾರಾಣಿ," ಎಂದು ಎಲ್ವಿನ್ ನಗುತ್ತಾನೆ.

ಮಧ್ಯಾಹ್ನ ಬೋಟಿನಿಂದಿಳಿದು ಊರಿಗೆ ಹತ್ತಿ ಬಂದಾಗ ಆ ಹೆಂಗಸು ಅಂಗಡಿಯ ಮುಂದೆಯೇ ಎಲ್ವಿನ್‌ನನ್ನು ಬಾಚಿ ತಬ್ಬಿಕೊಳ್ಳುತ್ತಾಳೆ. ನನ್ನ ಭಯ ನಿಮಗೆ ಹೇಗೆ ತಿಳಿಯಿತು ಎಂದು ಕಣ್ಣು ಒರೆಸಿಕೊಳ್ಳುತ್ತಾಳೆ. ಎಲ್ವಿನ್ ಸಂತನ ಹಾಗೆ ಮುಗುಳ್ನಗುತ್ತಾನೆ, ಹೇಳಿದ್ದು ವೆಲ್ಡಾ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಕೌಂಟರಿನ ಹಿಂದೆ ವೆಲ್ಡಾ ಪೆನ್ನಿನ ಮುಚ್ಚಳ ಕಚ್ಚುತ್ತಾರೆ. "ಹೊಟ್ಟೆ ಉರಿಯುತ್ತೆ," ಎನ್ನುತ್ತಾರೆ. "ಸುಳ್ಳು ಯಾಕೆ ಹೇಳ್ಲಿ? ಧಗಧಗ ಉರಿಯುತ್ತೆ."

ಈ ದ್ವೀಪಕ್ಕೆ ಡೈವಿಂಗ್‌ಗೆ ಬರಬೇಕೆನ್ನುವವರ ರಜೆ ಮೊದಲು ಹುಟ್ಟುವುದು ವೆಲ್ಡಾ ಅವರ ತಲೆಯಲ್ಲಿ. ಯಾವ ತಿಂಗಳು ಕಡಲು ಶಾಂತ, ಯಾವ ದಿನ ಯಾವ ಬಂಡೆ, ಯಾರಿಗೆ ಯಾರು ಜೋಡಿ, ಯಾರ ಮೊಣಕಾಲು ಏಣಿ ಹತ್ತಲಾರದು, ಎಲ್ಲವೂ ಅವರದೇ. ಬಂದವರಿಗೆಲ್ಲ ಬೆಟ್ಟದ ನೆತ್ತಿಗೂ ಹತ್ತುವ ಆಸೆ. ಆದರೆ ಆಳದಲ್ಲಿ ಉಸಿರಾಡಿದ ಗಾಳಿ ಮೈಯಿಂದ ಪೂರ್ತಿ ಬಿಟ್ಟುಹೋಗಲು ಹೊತ್ತು ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಕೀಲು ಹಿಡಿಯುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತು ಬರುತ್ತದೆ. ಹಾಗಾಗಿ ವೆಲ್ಡಾ ಹಾಕುವ ರಜೆಯಲ್ಲಿ ಬೆಟ್ಟ ಮೊದಲು, ನೀರು ಆಮೇಲೆ, ವಿಮಾನ ಹತ್ತುವ ಹಿಂದಿನ ದಿನ ಪೂರ್ತಿ ಖಾಲಿ.

ಅವರು ಮಾತ್ರ ಒಮ್ಮೆಯೂ ಮುಳುಗಿದವರಲ್ಲ. ಚಿಕ್ಕಂದಿನಲ್ಲಿ ಸೋರಿದ ಕಿವಿ ಕೊನೆಗೂ ನೆಟ್ಟಗಾಗಲಿಲ್ಲ. ಹರೆಯದಲ್ಲಿ ಹಟ ಹಿಡಿದು ಬಂದರಿನ ಬಳಿ ಆಳು ಮಟ್ಟದ ನೀರಿಗೆ ಇಳಿದಿದ್ದರಂತೆ. ಚೂರಿ ಹಾಕಿದಷ್ಟು ನೋವು. ಡಾಕ್ಟರು ಖಡಾಖಂಡಿತ ಬೇಡವೆಂದರು. "ಆಮೆ ಹಂಗಿತ್ತು, ಹವಳ ಹಿಂಗಿತ್ತು ಅಂತ ದಿನಾ ಬಂದು ನಂಗೇ ವರ್ಣಿಸ್ತಾರೆ. ಅಯ್ಯೋ ಹೌದಾ ಅಂತ ಬಾಯಿ ಬಿಡ್ತೀನಿ. ಒಳಗೆ, ನಿಮ್ಮ ಆಮೆ ಹಾಳಾಗ ಅಂತ ಬೈಕೊಳ್ತೀನಿ."

ಆ ಉರಿಗೆ ತುಪ್ಪ ಸುರಿದವಳು ಹಾಲೆಂಡಿನ ಮಾರೈಕ. ಗಂಡನ ಜೊತೆ ಪ್ರತಿ ವರ್ಷ ತಪ್ಪದೆ ಬರುವ ಅತಿಥಿ. ಈ ಸಲ ಊರಿಗೆ ಹೊರಡುವಾಗ ಕೌಂಟರಿಗೆ ಬಂದು ವೆಲ್ಡಾ ಅವರ ಎರಡೂ ಕೈ ಹಿಡಿದುಕೊಂಡಳು. ವೆಲ್ಡಾ ಅವರ ಎದೆ ಹಿಗ್ಗಿತು. ಇಷ್ಟು ವರ್ಷಕ್ಕೆ ಒಬ್ಬರಾದರೂ ತನ್ನನ್ನು ನೆನೆದರಲ್ಲ ಎನ್ನುವಷ್ಟರಲ್ಲಿ ಮಾರೈಕ ಪಿಸುಗುಟ್ಟಿದಳು. "ಎಲ್ವಿನ್‌ಗೆ ಬೊನೇರ್ ದ್ವೀಪದಲ್ಲಿ ಒಂದು ವಾರ ಡೈವಿಂಗ್ ರಜೆ ಉಡುಗೊರೆ ಕೊಡ್ತಿದ್ದೀವಿ. ನಮ್ಮ ರಜೆಗಳನ್ನೆಲ್ಲ ಚಂದ ಮಾಡಿದವನು ಅವನು. ನೀವೇ ಪ್ಲಾನ್ ಮಾಡಿಕೊಡಿ ವೆಲ್ಡಾ, ನಿಮಗೆ ಅದೆಲ್ಲ ಸಲೀಸು."

"ಸಲೀಸಂತೆ!" ವೆಲ್ಡಾ ಈಗಲೂ ಹಲ್ಲು ಕಡಿಯುತ್ತಾರೆ. "ಅವತ್ತು ಮನೆಗೆ ಹೋಗಿ ಆಡಿನ ಸಾರಿಗೆ ಉಪ್ಪು ಎರಡು ಸಲ ಹಾಕ್ದೆ."

ಮರುದಿನವೇ ಎಲ್ವಿನ್ ಶಿಳ್ಳೆ ಹಾಕುತ್ತಾ ಅಂಗಡಿಗೆ ಬಂದ. "ಏ ಹುಡುಗಿ, ಬೊನೇರಿನಿಂದ ವಾಪಸ್ ಬರೋ ಶುಕ್ರವಾರ ರಾತ್ರಿ ಇಲ್ಲಿ ಡಾಮಿನೋ ಪಂದ್ಯ ಇದೆ. ಅವತ್ತು ಬೆಳಿಗ್ಗೆ ಕೊನೇ ಸಲ ಮುಳುಗ್ತೀನಿ, ಮಧ್ಯಾಹ್ನ ವಿಮಾನ ಹತ್ತಿ ಬಂದುಬಿಡ್ತೀನಿ. ಹಂಗೇ ಹಾಕು."

"ಅತಿಥಿಗಳಿಗೆ ನೀನೇ ಬೇಡ ಅಂತೀಯಲ್ಲೋ?"

"ಅವರು ತಗ್ಗಿನ ಊರಿನವರು. ನಾವು ದಿನಾ ಮುಳುಗಿ ದಿನಾ ಈ ಬೆಟ್ಟದ ಊರಿಗೆ ಹತ್ತಿ ಬರೋರು. ನಮ್ಮ ಮೂಳೆಗೆ ಎತ್ತರ ಅಭ್ಯಾಸ ಆಗಿದೆ ಬಿಡು."

ಇದು ಈ ದ್ವೀಪದ ಗೈಡುಗಳ ಹಳೆಯ ಜಂಬ. ಮೂಳೆಗೆ ಅಂಥ ಅಭ್ಯಾಸವಾಗುವುದಿಲ್ಲ. ಊರಿನ ಎತ್ತರವೇ ಬೇರೆ, ವಿಮಾನದ ಎತ್ತರವೇ ಬೇರೆ. ವೆಲ್ಡಾಗೆ ಅದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಗಳಿಗೆಯಲ್ಲಿ ಅವರು ಅವನು ಹೇಳಿದ ಹಾಗೇ ಬರೆದುಕೊಂಡರು.

"ಕೇಳಿದ್ದನ್ನೇ ಹಾಕಿಕೊಟ್ಟುಬಿಡೋಣ ಅನಿಸ್ತು," ಎನ್ನುತ್ತಾರೆ ಮುಚ್ಚುಮರೆಯಿಲ್ಲದೆ. "ಕೀಲು ಹಿಡ್ಕೊಂಡು ಒಂದು ವಾರ ಬಿದ್ಕೊಳ್ಳಲಿ. ಆಗ ಅತಿಥಿಗಳು ಯಾರನ್ನ ತಬ್ಕೋತಾರೆ ನೋಡೋಣ ಅಂತ. ಅಷ್ಟು ಕೆಟ್ಟ ಹೆಂಗಸು ನಾನು."

ಬೊನೇರಿಗೆ ಫೋನು ಮಾಡಿ ಕೋಣೆ ಗೊತ್ತು ಮಾಡಿದರು, ಜೀಪು ಹೇಳಿದರು. ಎಲ್ವಿನ್‌ಗೆ ಜನಜಂಗುಳಿ ಆಗದು, ಅದಕ್ಕೆ ಸದ್ದಿಲ್ಲದ ದಡಗಳನ್ನೇ ಹುಡುಕಿದರು. ಕಡಲಕುದುರೆ ಎಂದರೆ ಅವನು ಮಗುವಾಗುತ್ತಾನೆ. ಅವು ಸಿಗುವ ಜಾಗವನ್ನು ಮೊದಲ ದಿನಕ್ಕೇ ಇಟ್ಟರು. ಹೀಗೆ ಒಂದೊಂದೇ ದಿನ ತುಂಬುತ್ತಾ ಹೋದರು. ಕೊನೆಗೆ ಉಳಿದದ್ದು ಆ ಶುಕ್ರವಾರ. ವಿಮಾನಕ್ಕೆ ಹೇಳಲು ಫೋನು ಎತ್ತಿದವರು ಇಟ್ಟುಬಿಟ್ಟರು. ಹೊರಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಡೈವಿಂಗ್ ಅಂಗಿಗಳನ್ನು ಮತ್ತೊಮ್ಮೆ ತೊಳೆದು ಹರವಿ ಬಂದರು. ಆಮೇಲೆ ಶುಕ್ರವಾರವನ್ನು ಖಾಲಿ ಬಿಟ್ಟು, ವಿಮಾನವನ್ನು ಶನಿವಾರಕ್ಕೆ ಹಾಕಿಸಿದರು.

ಎಲ್ವಿನ್ ಪ್ಲಾನು ನೋಡಿ ಕೂಗಾಡಿದ. "ನಿಂಗೆ ಹೊಟ್ಟೆಕಿಚ್ಚು ಕಣೇ! ಅದಕ್ಕೇ ನನ್ನ ಪಂದ್ಯ ತಪ್ಪಿಸ್ತಿದೀಯ."

"ಹೌದು ಕಣೋ, ಕಿಚ್ಚೇ. ಇಲ್ಲ ಅಂದೋರು ಯಾರು? ಆದ್ರೆ ನಾನು ಹಾಕಿದ ರಜೆಯಿಂದ ಇಲ್ಲೀವರೆಗೂ ಯಾರೂ ಸ್ಟ್ರೆಚರ್ ಮೇಲೆ ವಾಪಸ್ ಹೋಗಿಲ್ಲ. ನಿನ್ನಿಂದ ನನ್ನ ಹೆಸರು ಕೆಡೋದು ಬೇಡ."

ಎಲ್ವಿನ್ ಗೊಣಗುತ್ತಾ ಹಾಳೆ ಮಡಚಿದ. ಬಾಗಿಲವರೆಗೆ ಹೋದವನು ತಿರುಗಿ ನಿಂತ. "ಸರಿ, ಶುಕ್ರವಾರ ಇಡೀ ದಿನ ಅಲ್ಲಿ ನಾನೇನು ಮಾಡ್ಲಿ?"

ವೆಲ್ಡಾ ತಲೆಯೆತ್ತಲಿಲ್ಲ. ಅವರ ಕೈ ಆಗಲೇ ಇನ್ಯಾರದೋ ರಜೆಯ ಮೇಲಿತ್ತು.

"ದಡದಲ್ಲಿ ಕೂತ್ಕೋ," ಎಂದರು. "ಬೇರೆಯವರು ನೀರಿಗೆ ಇಳಿಯೋದನ್ನ ಬೆಳಿಗ್ಗೆಯಿಂದ ಸಂಜೆವರೆಗೂ ನೋಡು. ಬಂದ ಮೇಲೆ ಹೇಳು, ಹೆಂಗಿತ್ತು ಅಂತ."